ಲೇಬಲ್ ಮೇಲೆ ಇಲ್ಲದ್ದೇ ಹೆಚ್ಚು ಅಪಾಯ: ಕ್ರೀಮ್, ಕುಂಕುಮ, ಹೇರ್ ಡೈ ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿ

ಸೌಂದರ್ಯವರ್ಧಕ ಕೊಳ್ಳುವಾಗ ಡಬ್ಬಿಯನ್ನು ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳನ್ನು ಓದುವವರು ಈಗ ಹೆಚ್ಚಾಗಿದ್ದಾರೆ. 'ಪ್ಯಾರಾಬೆನ್ ಇಲ್ಲ', 'ಸಲ್ಫೇಟ್ ಇಲ್ಲ', 'ಕೆಮಿಕಲ್ ಫ್ರೀ' ಎಂದು ಕಂಡರೆ ಸಮಾಧಾನವಾಗುತ್ತದೆ. ಅಭ್ಯಾಸವೇನೋ ಒಳ್ಳೆಯದೇ. ಆದರೆ ಭಾರತದಲ್ಲಿ ಮುಖಕ್ಕೆ ಹಚ್ಚಿದ ಕ್ರೀಮ್‌ನಿಂದಾಗಿ ಆಸ್ಪತ್ರೆ ಸೇರಿದವರ ಪ್ರಕರಣಗಳನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ದೊಡ್ಡ ಹಾನಿ ಮಾಡಿದ್ದು ಲೇಬಲ್ ಮೇಲೆ ಅಚ್ಚಾಗಿದ್ದ ರಾಸಾಯನಿಕಗಳಲ್ಲ. ಲೇಬಲ್‌ನಲ್ಲಿ ಬರೆಯದೇ ಬಿಟ್ಟಿದ್ದ ಪಾದರಸ, ಮತ್ತು ಔಷಧವೆಂದು ತಿಳಿಯದೇ ಹಚ್ಚಿಕೊಂಡ ಸ್ಟೀರಾಯ್ಡ್.

ಕ್ರೀಮ್ ಮುಖಕ್ಕೆ, ಪೆಟ್ಟು ಕಿಡ್ನಿಗೆ

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿರುವ ಆಸ್ಟರ್ ಮಿಮ್ಸ್ ಆಸ್ಪತ್ರೆಯ ವೈದ್ಯರು ಒಂದೇ ಬಗೆಯ ಕಿಡ್ನಿ ಕಾಯಿಲೆಯ ಹಲವು ರೋಗಿಗಳನ್ನು ಗಮನಿಸಿದರು. ಕಾಯಿಲೆಯ ಹೆಸರು ಮೆಂಬ್ರೇನಸ್ ನೆಫ್ರೋಪತಿ. ಕಿಡ್ನಿಯೊಳಗೆ ರಕ್ತವನ್ನು ಸೋಸುವ ತೆಳು ಪರದೆ ಹಾಳಾಗಿ, ರಕ್ತದಲ್ಲೇ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗುವ ಸ್ಥಿತಿ ಇದು. ಮೂತ್ರದಲ್ಲಿ ನೊರೆ ಬರುತ್ತದೆ, ಪಾದ ಊದಿಕೊಳ್ಳುತ್ತದೆ, ಬೆಳಿಗ್ಗೆ ಎದ್ದಾಗ ಮುಖ ಉಬ್ಬಿರುತ್ತದೆ, ಸುಸ್ತು ಕಾಡುತ್ತದೆ.

2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಕಂಡುಬಂದ ಇಂಥ 22 ಪ್ರಕರಣಗಳನ್ನು ಅಲ್ಲಿ ಅಧ್ಯಯನ ಮಾಡಲಾಯಿತು. 22ರಲ್ಲಿ 15 ಮಂದಿಗೆ ಬಂದಿದ್ದು 'ನೆಲ್-1' ಎಂಬ ಪ್ರೋಟೀನ್‌ಗೆ ಸಂಬಂಧಿಸಿದ, ಸಾಮಾನ್ಯವಾಗಿ ಅಷ್ಟಾಗಿ ಕಾಣದ ಬಗೆ. ಆ 15 ಮಂದಿಯಲ್ಲಿ 13 ಮಂದಿ ಕಾಯಿಲೆ ಶುರುವಾಗುವ ಮೊದಲು ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದುದಾಗಿ ಒಪ್ಪಿಕೊಂಡರು. ಒಬ್ಬ ರೋಗಿಯ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಹುತೇಕ ರೋಗಿಗಳು ಕ್ರೀಮ್ ನಿಲ್ಲಿಸಿದ ಮೇಲೆ ಸುಧಾರಿಸಿಕೊಂಡರು ಎಂಬುದು ಸಮಾಧಾನದ ಸಂಗತಿ. 'ಕಿಡ್ನಿ ಇಂಟರ್‌ನ್ಯಾಷನಲ್' ವೈದ್ಯಕೀಯ ಪತ್ರಿಕೆಯಲ್ಲಿ ಈ ವರದಿ ಪ್ರಕಟವಾದಾಗ ದೇಶದ ಉಳಿದ ಕಡೆಯ ಕಿಡ್ನಿ ತಜ್ಞರೂ ತಮ್ಮ ರೋಗಿಗಳನ್ನು ಕೇಳಬೇಕಾದ ಒಂದು ಹೊಸ ಪ್ರಶ್ನೆ ಸಿಕ್ಕಿತು: ಮುಖಕ್ಕೆ ಏನು ಹಚ್ಚುತ್ತೀರಿ?

ಮಹಾರಾಷ್ಟ್ರದಲ್ಲೂ ಇಂಥದ್ದೇ ಪ್ರಕರಣ ಸುದ್ದಿಯಾಗಿತ್ತು. ಅಕೋಲಾದ ಒಂದೇ ಮನೆಯ ಮೂವರು ಮಹಿಳೆಯರಿಗೆ ಕಿಡ್ನಿ ತೊಂದರೆ ಕಾಣಿಸಿಕೊಂಡಿತು. ಮುಂಬೈನ ಕೆಇಎಂ ಆಸ್ಪತ್ರೆಯ ವೈದ್ಯರು ಕಾರಣ ಹುಡುಕುತ್ತಾ ಹೋದಾಗ ಮೂವರೂ ಬಳಸುತ್ತಿದ್ದ ಸ್ಥಳೀಯ ಕ್ರೀಮ್ ಸಿಕ್ಕಿತು, ಅದರಲ್ಲಿ ಪಾದರಸ ಇತ್ತು. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ಕಿಡ್ನಿ ತೊಂದರೆ ಬಂದಾಗ ವಂಶವಾಹಿ, ಕುಡಿಯುವ ನೀರು ಎಂದೆಲ್ಲ ಯೋಚನೆ ಹೋಗುತ್ತದೆ. ಕನ್ನಡಿ ಮುಂದಿನ ಡಬ್ಬಿ ಯಾರ ತಲೆಗೂ ಹೊಳೆಯುವುದಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದು ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪಾದರಸದ ಲವಣಗಳು ಈ ಕಿಣ್ವದ ಕೆಲಸಕ್ಕೆ ಅಡ್ಡಿಯಾಗುತ್ತವೆ. ಹೀಗಾಗಿ ಬಣ್ಣ ತಿಳಿಯಾಗುತ್ತದೆ, ಅದೂ ಬೇಗ. ಪಾದರಸದ ಲವಣ ಅಗ್ಗವೂ ಹೌದು. ಕಾನೂನಿನ ಭಯವಿಲ್ಲದ ತಯಾರಕನಿಗೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ತೊಂದರೆ ಎಂದರೆ ಪಾದರಸ ಚರ್ಮದ ಮೇಲೆ ನಿಲ್ಲುವುದಿಲ್ಲ. ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ, ಕಿಡ್ನಿಯಲ್ಲಿ ಶೇಖರವಾಗುತ್ತದೆ, ನರಮಂಡಲವನ್ನೂ ಬಿಡುವುದಿಲ್ಲ. ಕೈ ನಡುಕ, ನಿದ್ದೆ ಬಾರದಿರುವುದು, ಮರೆವು, ಕಾರಣವಿಲ್ಲದ ಸಿಡಿಮಿಡಿ, ಕೈಕಾಲು ಜೋಮು ಹಿಡಿಯುವುದು ಇದರ ಲಕ್ಷಣಗಳಾಗಬಹುದು. ಕ್ರೀಮ್ ಹಚ್ಚಿದವರಿಗೆ ಮಾತ್ರ ಅಪಾಯ ಎಂದೂ ಹೇಳುವಂತಿಲ್ಲ. ಪಾದರಸ ಆವಿಯಾಗುತ್ತದೆ, ದಿಂಬಿನ ಕವರ್, ಟವೆಲ್, ಕೈಗಳ ಮೂಲಕ ಮನೆಯೆಲ್ಲ ಹರಡುತ್ತದೆ. ರಾತ್ರಿ ಕ್ರೀಮ್ ಹಚ್ಚಿಕೊಂಡ ತಾಯಿಯ ಪಕ್ಕದಲ್ಲಿ ಮಲಗುವ ಮಗುವಿಗೂ ಅದು ಸೇರುತ್ತದೆ. ಗರ್ಭಿಣಿಯ ದೇಹದಿಂದ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ.

ಭಾರತದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಕ್ರೀಮ್‌ಗೆ ಪಾದರಸ ಬೆರೆಸುವಂತಿಲ್ಲ. ಗೊತ್ತಿಲ್ಲದೇ ಸೇರಿಕೊಳ್ಳುವ ಅಂಶವೂ 1 ಪಿಪಿಎಂ ಮೀರಬಾರದು. ಅಂದರೆ ಒಂದು ಕಿಲೋ ಕ್ರೀಮ್‌ನಲ್ಲಿ 1 ಮಿಲಿಗ್ರಾಂ. ಕಣ್ಣಿನ ಸುತ್ತ ಹಚ್ಚುವ ಉತ್ಪನ್ನಗಳಿಗೆ ಮಾತ್ರ, ಅವು ಕೆಡದಂತೆ ಬಳಸುವ ಅಂಶವೆಂದು, 70 ಪಿಪಿಎಂವರೆಗೆ ರಿಯಾಯಿತಿ ಇತ್ತು. ಪಾದರಸ ಕುರಿತ ಮಿನಮಾಟ ಒಪ್ಪಂದ 2013ರಲ್ಲಿ ಆಯಿತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. 2023ರಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾದರಸ ಬೆರೆಸಿದ ಸೌಂದರ್ಯವರ್ಧಕಗಳಿಗೆ 2025ರ ಗಡುವು ಹಾಕಿ ಪೂರ್ತಿ ವಿದಾಯ ಹೇಳಲು ಒಪ್ಪಿದವು. ಜಪಾನಿನ ಮಿನಮಾಟ ಎಂಬ ಊರಿನ ಜನ ಕಾರ್ಖಾನೆಯ ತ್ಯಾಜ್ಯದಲ್ಲಿದ್ದ ಪಾದರಸ ಸೇರಿದ ಮೀನು ತಿಂದು ನರಳಿದ ಕಥೆಯಿಂದ ಈ ಒಪ್ಪಂದಕ್ಕೆ ಆ ಹೆಸರು ಬಂದಿದೆ.

ನಿಯಮ ಹೀಗಿದ್ದರೂ ಅಕ್ರಮ ಕ್ರೀಮ್‌ಗಳಲ್ಲಿ ಪಾದರಸ ಸಾವಿರಾರು ಪಿಪಿಎಂ ಇರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಕಂಡಿದೆ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಹೆಸರಿನಲ್ಲಿ ದಾಳಿ ಶುರುಮಾಡಿದ್ದು ಇದೇ ಕಾರಣಕ್ಕೆ. ಪರವಾನಗಿ ಇಲ್ಲದ, ಸರಿಯಾದ ವಿಳಾಸವಿಲ್ಲದ ಉತ್ಪನ್ನಗಳೇ ಅದರ ಗುರಿ.

ದೊಡ್ಡ ಬ್ರ್ಯಾಂಡ್‌ಗಳ ವಿಷಯಕ್ಕೆ ಬಂದರೆ, 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಜಾಹೀರಾತುಗಳಲ್ಲಿ 'ಬಿಳುಪು' ಹೋಗಿ 'ಕಾಂತಿ' ಬಂತು. ಹುಡುಗಿ ನೋಡಲು ಬರುವವರ ಮಾತಿನಲ್ಲಿ ಮಾತ್ರ ಆ ಬದಲಾವಣೆ ಅಷ್ಟಾಗಿ ಕಾಣುತ್ತಿಲ್ಲ. ನಿಯಮ ಪಾಲಿಸುವ ಕಂಪನಿ ಕೊಡಲಾಗದ ಬಿಳುಪನ್ನು ಹೆಸರಿಲ್ಲದ ಡಬ್ಬಿ ಒಂದು ವಾರದಲ್ಲಿ ಕೊಡುವುದಾಗಿ ಹೇಳುತ್ತದೆ. ಮದುವೆ ಹತ್ತಿರ ಬಂದ ಮನೆಯಲ್ಲಿ ಆ ಮಾತಿಗೆ ಗಿರಾಕಿ ಸಿಕ್ಕೇ ಸಿಗುತ್ತಾರೆ.

ಗುರುತು ಹಿಡಿಯುವುದು ಹೇಗೆ

ಪಾದರಸ ಇದೆ ಎಂದು ಯಾವ ತಯಾರಕನೂ ದಪ್ಪ ಅಕ್ಷರದಲ್ಲಿ ಬರೆಯುವುದಿಲ್ಲ. ಬರೆದರೂ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್ ಅಯೋಡೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂಬ ಹೆಸರಿನಲ್ಲಿ ಇರುತ್ತದೆ. ಒಂದು ಸೂಚನೆ ಮಾತ್ರ ಎದ್ದು ಕಾಣುವಂಥದ್ದು: ಕೆಲವು ಡಬ್ಬಿಗಳ ಮೇಲೆ 'ಚಿನ್ನ, ಬೆಳ್ಳಿ, ಅಲ್ಯುಮಿನಿಯಂ ಆಭರಣಗಳಿಗೆ ತಾಗಿಸಬೇಡಿ' ಎಂದು ಬರೆದಿರುತ್ತದೆ. ಪಾದರಸ ಚಿನ್ನದ ಜೊತೆ ಬೆರೆತು ಅದನ್ನು ಬೆಳ್ಳಗೆ ಮಾಡುತ್ತದೆ, ಅದಕ್ಕೇ ಈ ಎಚ್ಚರಿಕೆ. ಕೈಯಲ್ಲಿನ ಬಳೆಯನ್ನು ಹಾಳು ಮಾಡುವ ಕ್ರೀಮ್ ಮುಖಕ್ಕೆ ಹೇಗೆ ಒಳ್ಳೆಯದಾದೀತು?

ಉಳಿದದ್ದು ಸಾಮಾನ್ಯ ಜ್ಞಾನ. ಭಾರತದಲ್ಲಿ ತಯಾರಾದ ಸೌಂದರ್ಯವರ್ಧಕದ ಮೇಲೆ ತಯಾರಕರ ಹೆಸರು, ಪೂರ್ತಿ ವಿಳಾಸ, ಬ್ಯಾಚ್ ಸಂಖ್ಯೆ, ಯಾವಾಗಿನವರೆಗೆ ಬಳಸಬಹುದು ಎಂಬ ತಾರೀಕು, ತಯಾರಿಕಾ ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ ಇರಬೇಕು. ವಿದೇಶದ್ದಾದರೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಬೇಕು. ವಿದೇಶದಿಂದ ಬಂದ ನೆಂಟರು ಪ್ರೀತಿಯಿಂದ ಕೊಟ್ಟ ಡಬ್ಬಿ, ಪಾರ್ಲರ್‌ನಲ್ಲಿ ಲೇಬಲ್ ಇಲ್ಲದೇ ತುಂಬಿಸಿ ಕೊಡುವ 'ನೈಟ್ ಕ್ರೀಮ್', ಇನ್‌ಸ್ಟಾಗ್ರಾಂನಲ್ಲಿ ನೋಡಿ ತರಿಸಿದ ಹೆಸರಿಲ್ಲದ ಕ್ರೀಮ್, ಈ ಮೂರರಲ್ಲೂ ಇಂಥ ಯಾವ ಗುರುತೂ ಇಲ್ಲದಿರುವ ಸಾಧ್ಯತೆ ಹೆಚ್ಚು. ಏಳೇ ದಿನದಲ್ಲಿ ಬಣ್ಣ ಬದಲಾಗುತ್ತದೆ ಎಂಬ ಭರವಸೆ ನಿಜವೇ ಆದರೆ, ಅದೇ ಅನುಮಾನಕ್ಕೆ ಮೊದಲ ಕಾರಣ.

ಇಂಥ ಕ್ರೀಮ್ ಈಗಾಗಲೇ ಬಳಸುತ್ತಿದ್ದರೆ ಗಾಬರಿ ಬೇಡ, ಹಚ್ಚುವುದನ್ನು ನಿಲ್ಲಿಸಿ. ಡಬ್ಬಿಯನ್ನು ಸಿಂಕ್‌ನಲ್ಲಿ ತೊಳೆಯಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಮುಚ್ಚಿಡಿ. ವೈದ್ಯರು ಮೊದಲು ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡುತ್ತಾರೆ, ಅದು ಯಾವ ಲ್ಯಾಬ್‌ನಲ್ಲೂ ಆಗುವ ಸರಳ ಪರೀಕ್ಷೆ. ಅಗತ್ಯವಿದ್ದರೆ ರಕ್ತ ಮತ್ತು ಮೂತ್ರದಲ್ಲಿನ ಪಾದರಸವನ್ನೂ ಅಳೆಯಬಹುದು. ದೂರು ಕೊಡಬೇಕಾದ್ದು ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ.

ಸ್ಟೀರಾಯ್ಡ್: ಮೆಡಿಕಲ್ ಶಾಪ್‌ನ 'ಫೇರ್‌ನೆಸ್ ಕ್ರೀಮ್'

ಪಾದರಸ ಕಳ್ಳದಾರಿಯಲ್ಲಿ ಬಂದರೆ ಸ್ಟೀರಾಯ್ಡ್ ಬರುವುದು ಮೆಡಿಕಲ್ ಶಾಪ್‌ನ ಮುಂಬಾಗಿಲಿನಿಂದಲೇ. ಬೀಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ ಇವೆಲ್ಲ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳು. ಎಕ್ಸಿಮಾ, ಸೋರಿಯಾಸಿಸ್‌ನಂಥ ಕಾಯಿಲೆಗಳಲ್ಲಿ ವೈದ್ಯರ ಕೈಯಲ್ಲಿ ಇವು ಅಮೂಲ್ಯ ಔಷಧ. ಉರಿ, ಕೆಂಪು, ಮೊಡವೆಯ ಊತ ಎಲ್ಲವನ್ನೂ ಬೇಗ ತಣಿಸುತ್ತವೆ, ಜೊತೆಗೆ ಚರ್ಮದ ಬಣ್ಣವನ್ನೂ ತಿಳಿಯಾಗಿಸುತ್ತವೆ. ಈ ಕೊನೆಯ ಗುಣವೇ ಎಡವಟ್ಟಿನ ಮೂಲ. ಅಕ್ಕ ಹಚ್ಚಿದಳು, ಬೆಳ್ಳಗಾದಳು, ತಂಗಿಯೂ ಅದೇ ಟ್ಯೂಬ್ ತಂದಳು. ಹತ್ತು ವರ್ಷ ಹಳೆಯ ಚೀಟಿ ತೋರಿಸಿಯೋ, ಚೀಟಿಯೇ ಇಲ್ಲದೆಯೋ ಟ್ಯೂಬ್ ಸಿಗುತ್ತದೆ.

ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ನಂತರ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಸಣ್ಣ ರಕ್ತನಾಳಗಳು ಕೆಂಪು ದಾರದಂತೆ ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ಆಗ ಹೆದರಿ ನಿಲ್ಲಿಸಿದರೆ ಉರಿ, ಕೆಂಪು ಹತ್ತುಪಟ್ಟು ಹೆಚ್ಚಾದಂತೆ ಅನಿಸುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಬಿಟ್ಟರೂ ಕಷ್ಟ, ಹಚ್ಚಿದರೂ ಕಷ್ಟ ಎಂಬ ಈ ಸ್ಥಿತಿಗೆ ಭಾರತದ ಚರ್ಮರೋಗ ತಜ್ಞರೇ 2008ರಲ್ಲಿ 'ಸ್ಟೀರಾಯ್ಡ್‌ನಿಂದ ಹಾಳಾದ ಮುಖ' ಎಂಬರ್ಥದ ಹೆಸರಿಟ್ಟರು. ಒಂದು ಕಾಯಿಲೆಗೆ ಹೆಸರಿಡುವ ಮಟ್ಟಿಗೆ ಈ ಸಮಸ್ಯೆ ಇಲ್ಲಿ ಬೆಳೆದಿದೆ ಎಂದರೆ ಅದರ ಗಾತ್ರ ಅರ್ಥವಾಗುತ್ತದೆ.

2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇಶದ 12 ಕೇಂದ್ರಗಳಿಗೆ ಮುಖದ ಚರ್ಮದ ತೊಂದರೆ ಎಂದು ಬಂದ 2,926 ರೋಗಿಗಳನ್ನು ವಿಚಾರಿಸಲಾಯಿತು. ಅವರಲ್ಲಿ 433 ಮಂದಿ, ಅಂದರೆ ಸುಮಾರು ಶೇ. 15ರಷ್ಟು ಜನ, ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಚರ್ಮರೋಗ ತಜ್ಞರ ಸಂಘದ ಸತತ ಒತ್ತಾಯದ ನಂತರ 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೇ ಮಾರುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿತು. ಕಾಗದದ ಮೇಲೆ ಬಾಗಿಲು ಮುಚ್ಚಿತು. ಚೀಟಿ ಕೇಳುವ ಅಂಗಡಿಗಳು ಎಷ್ಟಿವೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಇದರ ಇನ್ನೊಂದು ರೂಪ ಮೂರು ಔಷಧಗಳ ಮಿಶ್ರಣ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್. ಮೆಲಾಸ್ಮಾ ಅಥವಾ ಬಂಗು ಎಂಬ ಕಂದು ಕಲೆಗೆ ವೈದ್ಯರು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವ ಔಷಧ ಇದು. ಕೆಲವು ವಾರ ಎಂಬುದನ್ನು ಮರೆತು ವರ್ಷಗಟ್ಟಲೆ ಹಚ್ಚಿಕೊಂಡವರು ಬಹಳ. ಹೈಡ್ರೋಕ್ವಿನೋನ್ ಅನ್ನು ದೀರ್ಘಕಾಲ ಹಚ್ಚಿದರೆ ಕೆಲವರ ಚರ್ಮ ನೀಲಿಗಪ್ಪು ಬಣ್ಣಕ್ಕೆ ತಿರುಗುತ್ತದೆ, ಅದನ್ನು ಓಕ್ರೊನೋಸಿಸ್ ಎನ್ನುತ್ತಾರೆ. ಬೆಳ್ಳಗಾಗಲು ಹೊರಟವರು ಇನ್ನಷ್ಟು ಕಪ್ಪಾಗುವ ಈ ಕ್ರೂರ ವ್ಯಂಗ್ಯ ಮೊದಲು ದೊಡ್ಡದಾಗಿ ಕಂಡಿದ್ದು 1970ರ ದಶಕದ ದಕ್ಷಿಣ ಆಫ್ರಿಕಾದಲ್ಲಿ, ಅಲ್ಲಿನ ಕಪ್ಪು ಮಹಿಳೆಯರಲ್ಲಿ. ಆ ದೇಶ 1990ರಲ್ಲಿ ಸೌಂದರ್ಯವರ್ಧಕಗಳಲ್ಲಿ ಅದನ್ನು ನಿಷೇಧಿಸಿತು, ಯುರೋಪ್ 2001ರಲ್ಲಿ ಬೆಳ್ಳಗಾಗಿಸುವ ಕ್ರೀಮ್‌ಗಳಿಂದ ಅದನ್ನು ತೆಗೆದುಹಾಕಿತು. ಟ್ರೆಟಿನಾಯಿನ್, ಅದರ ಬಳಗದ ರೆಟಿನಾಲ್ ಇವೆರಡನ್ನೂ ಗರ್ಭಿಣಿಯರು ಬಿಡಬೇಕು ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಈಗ 'ಆ್ಯಂಟಿ ಏಜಿಂಗ್' ಸೀರಂಗಳಲ್ಲೆಲ್ಲ ರೆಟಿನಾಲ್ ಇದೆ.

ಸ್ಟೀರಾಯ್ಡ್ ಹಚ್ಚುತ್ತಿರುವವರು ಇದನ್ನು ಓದಿ ಇಂದೇ ಟ್ಯೂಬ್ ಎಸೆಯುವುದಕ್ಕಿಂತ ಚರ್ಮರೋಗ ತಜ್ಞರನ್ನು ಕಾಣುವುದು ಮೇಲು. ಬಹಳ ಕಾಲ ಬಳಸಿದ್ದರೆ ಹಂತಹಂತವಾಗಿ ಬಿಡಿಸುವ ಕ್ರಮ ಅವರಿಗೆ ಗೊತ್ತಿರುತ್ತದೆ.

ಕುಂಕುಮ, ಬಿಂದಿ, ಕಾಡಿಗೆ

ಸೌಂದರ್ಯವರ್ಧಕ ಎಂದ ಕೂಡಲೇ ಕ್ರೀಮ್, ಲಿಪ್‌ಸ್ಟಿಕ್ ನೆನಪಾಗುತ್ತವೆ. ದೇವರ ಕೋಣೆಯಲ್ಲಿರುವ ಕುಂಕುಮವನ್ನು ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿ ಮನೆಯಲ್ಲೇ ಕುಂಕುಮ ಮಾಡುತ್ತಿದ್ದ ಕಾಲದಲ್ಲಿ ಸೇರಿಸುವ ಅಗತ್ಯವೂ ಇರಲಿಲ್ಲ. ಅರಿಶಿನದ ಹಳದಿ ಕ್ಷಾರಕ್ಕೆ ತಾಗಿದರೆ ಕೆಂಪಾಗುತ್ತದೆ, ಅಷ್ಟೇ ಅದರ ರಸಾಯನಶಾಸ್ತ್ರ. ಆದರೆ ಅಂಗಡಿಯಲ್ಲಿ ಕಣ್ಣು ಕುಕ್ಕುವ ಕೆಂಪಿನಲ್ಲಿ ಸಿಗುವ ಅಗ್ಗದ ಪುಡಿಗೆ ಆ ಬಣ್ಣ ಬಂದಿರುವುದು ಕೃತಕ ಬಣ್ಣಗಳಿಂದ. ಇವು ಹಣೆಯ ಮೇಲೆ ತುರಿಕೆ ಮತ್ತು ಕಪ್ಪು ಕಲೆ ಉಂಟುಮಾಡುವುದನ್ನು ಚರ್ಮತಜ್ಞರು ಬಹಳ ಹಿಂದಿನಿಂದ ದಾಖಲಿಸಿದ್ದಾರೆ.

ಬೈತಲೆಗೆ ಇಡುವ ಸಿಂಧೂರದಲ್ಲಿ ಚಿಂತೆ ಇನ್ನೂ ದೊಡ್ಡದು. ಸೀಸದ ಕೆಂಪು ಆಕ್ಸೈಡ್ ಹಿಂದಿನಿಂದಲೂ ಸಿಂಧೂರದ ಬಣ್ಣಕ್ಕೆ ಬಳಕೆಯಾಗಿದೆ. 2017ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂಜೆರ್ಸಿಯಿಂದ 95, ಭಾರತದಿಂದ 23, ಹೀಗೆ 118 ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿದರು. ಅಮೆರಿಕದಲ್ಲಿ ಕೊಂಡ ಶೇ. 83 ಮತ್ತು ಭಾರತದಲ್ಲಿ ಕೊಂಡ ಶೇ. 78 ಮಾದರಿಗಳಲ್ಲಿ ಪ್ರತಿ ಗ್ರಾಂಗೆ ಕನಿಷ್ಠ 1 ಮೈಕ್ರೋಗ್ರಾಂ ಸೀಸ ಇತ್ತು. ಈ ಪ್ರಮಾಣ ಕೇಳಲು ಸಣ್ಣದು, ಕೆಲವು ಮಾದರಿಗಳಲ್ಲಿ ಅದಕ್ಕಿಂತ ಬಹಳ ಹೆಚ್ಚಿತ್ತು. ಸೀಸ ಚರ್ಮದಿಂದ ಅಷ್ಟಾಗಿ ಒಳಹೋಗುವುದಿಲ್ಲ, ಹೋಗುವುದು ಬಾಯಿಯಿಂದ. ಪುಡಿ ಬೆರಳಿಗೆ ಅಂಟುತ್ತದೆ, ಬೆರಳು ತುತ್ತಿಗೆ, ಅಮ್ಮನ ಮಡಿಲಲ್ಲಿ ಆಡುವ ಮಗುವಿನ ಕೈ ನೇರ ಬಾಯಿಗೆ. ಮಕ್ಕಳ ಮೆದುಳಿಗೆ ಸೀಸ ಇಷ್ಟಿದ್ದರೆ ತೊಂದರೆ ಇಲ್ಲ ಎಂಬ ಸುರಕ್ಷಿತ ಮಟ್ಟವೇ ಇಲ್ಲ. ಪರವೂರಿನಲ್ಲಿರುವ ಕನ್ನಡಿಗರ ಮನೆಗೆ ಊರಿನಿಂದ ಬರುವ ಗಂಟಿನಲ್ಲಿ ಕುಂಕುಮದ ಪೊಟ್ಟಣ ಇದ್ದೇ ಇರುತ್ತದೆ. ಅದು ಯಾರ ಮನೆಯ ಅರಿಶಿನದ್ದು, ಯಾವ ಅಂಗಡಿಯ ಬಣ್ಣದ್ದು ಎಂದು ಒಮ್ಮೆ ಕೇಳಿ ತಿಳಿಯುವುದರಲ್ಲಿ ತಪ್ಪೇನಿಲ್ಲ.

ಕುಂಕುಮ ಬಿಟ್ಟು ಸ್ಟಿಕರ್‌ಗೆ ಬಂದರೆ ಅಲ್ಲಿ ಅಂಟಿನ ಸಮಸ್ಯೆ. ಬಿಂದಿ, ಉತ್ತರ ಕರ್ನಾಟಕದವರ ಮಾತಿನಲ್ಲಿ ಟಿಕಳಿ, ಹಣೆಗೆ ಅಂಟಲು ಬಳಸುವ ಕೆಲವು ಅಂಟುಗಳಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕದ ರಾಳ ಇರುತ್ತದೆ. ಇದು ಬಣ್ಣ ತಯಾರಿಸುವ ಜೀವಕೋಶಗಳನ್ನೇ ಕೊಲ್ಲುತ್ತದೆ. ಬಿಂದಿ ಇಟ್ಟ ಜಾಗದಲ್ಲಿ ನಾಣ್ಯದಷ್ಟು ಬಿಳಿ ಮಚ್ಚೆ ಮೂಡುತ್ತದೆ. ತೊನ್ನು ಎಂದು ಮನೆಯವರೆಲ್ಲ ಹೌಹಾರುತ್ತಾರೆ. ಮಚ್ಚೆ ಮುಚ್ಚಲು ಇನ್ನೂ ದೊಡ್ಡ ಬಿಂದಿ ಇಡುವವರೂ ಇದ್ದಾರೆ, ಅದು ಬೆಂಕಿಗೆ ತುಪ್ಪ ಸುರಿದಂತೆ. ಹಣೆಯಲ್ಲಿ ತುರಿಕೆ ಕಂಡಾಗಲೇ ಸ್ಟಿಕರ್ ನಿಲ್ಲಿಸಿ ವೈದ್ಯರಿಗೆ ತೋರಿಸಿದರೆ ಬಣ್ಣ ಮರಳುವ ಅವಕಾಶ ಹೆಚ್ಚು.

ಎಳೆಗೂಸಿನ ಕಣ್ಣಿಗೆ ಹಚ್ಚುವ ಕಪ್ಪಿನಲ್ಲಿ ಎರಡು ಬಗೆ ಇವೆ. ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಮನೆಯ ಕಾಡಿಗೆ ಒಂದು. ಕಲ್ಲು ಅರೆದು ಮಾಡಿದ ಸುರ್ಮಾ ಇನ್ನೊಂದು. ಆ ಕಲ್ಲು ಹೆಚ್ಚಾಗಿ ಗ್ಯಾಲೆನಾ, ಅಂದರೆ ಸೀಸದ ಸಲ್ಫೈಡ್. ಸುರ್ಮಾ ಮಕ್ಕಳ ಹತ್ತಿರಕ್ಕೂ ಬರಬಾರದು. ಮನೆಯ ಕಾಡಿಗೆಯಲ್ಲಿ ಸೀಸದ ಭಯ ಇಲ್ಲದಿದ್ದರೂ ಬೆರಳಿನಿಂದ ಕಣ್ಣಿಗೆ ಸೋಂಕು ತಗಲುವ ಅಪಾಯ ಇದೆ. ದೃಷ್ಟಿಬೊಟ್ಟು ಅಂಗಾಲಿನಲ್ಲಿದ್ದರೂ ದೃಷ್ಟಿ ತಾಗದು ಎಂದು ಅಜ್ಜಿಯನ್ನು ಒಪ್ಪಿಸುವುದು ಮಕ್ಕಳ ವೈದ್ಯರಿಗಿಂತ ಮನೆಯವರಿಗೇ ಸುಲಭ.

ತಲೆಗೆ ಹಚ್ಚುವ ಬಣ್ಣ, ನೇರ ಮಾಡುವ ಕ್ರೀಮ್

ನಿಜವಾದ ಗೋರಂಟಿ ಕಪ್ಪಾಗುವುದಿಲ್ಲ. ಅದರ ಬಣ್ಣ ಕಿತ್ತಳೆಯಿಂದ ಕಂದುಗೆಂಪು, ಅದೂ ಗಂಟೆಗಟ್ಟಲೆ ಬಿಟ್ಟ ಮೇಲೆ. ಮದುವೆ ಮನೆಯಲ್ಲಿ ಅರ್ಧ ಗಂಟೆಯಲ್ಲಿ ಕಡುಗಪ್ಪು ಬರುವ ಮೆಹಂದಿ ಕೋನ್‌ನಲ್ಲಿ, 'ಬ್ಲ್ಯಾಕ್ ಹೆನ್ನಾ' ಎಂಬ ಪುಡಿಯಲ್ಲಿ ಕೆಲಸ ಮಾಡುತ್ತಿರುವುದು ಸಾಮಾನ್ಯವಾಗಿ ಪ್ಯಾರಾ ಫಿನೈಲೀನ್ ಡೈಅಮೀನ್, ಚುಟುಕಾಗಿ ಪಿಪಿಡಿ. ಹೇರ್ ಡೈಗಳಲ್ಲೂ ಇರುವುದು ಇದೇ. ಎಲ್ಲರಿಗೂ ಇದು ತೊಂದರೆ ಕೊಡುವುದಿಲ್ಲ. ಒಗ್ಗದವರಿಗೆ ಮಾತ್ರ ತಲೆ, ಕಿವಿ, ಕಣ್ಣಿನ ರೆಪ್ಪೆ ಊದಿಕೊಂಡು ನೀರು ಸೋರುವಷ್ಟು ಆಗಬಹುದು. ಒಮ್ಮೆ ಅಲರ್ಜಿ ಬಂತೆಂದರೆ ಅದು ಜೀವನಪೂರ್ತಿ. ಮೆಹಂದಿಯಿಂದ ಬಾಲ್ಯದಲ್ಲಿ ಅಲರ್ಜಿ ಹಚ್ಚಿಕೊಂಡ ಹುಡುಗಿ ನಲವತ್ತರಲ್ಲಿ ಹೇರ್ ಡೈ ಹಚ್ಚಿದ ದಿನ ಅದು ಮತ್ತೆ ಎದ್ದು ಬರುತ್ತದೆ.

ಹೇರ್ ಡೈ ಪೆಟ್ಟಿಗೆಯ ಮೇಲೆ ಎಚ್ಚರಿಕೆ ಅಚ್ಚು ಹಾಕುವುದನ್ನು ಕಾನೂನು ಕಡ್ಡಾಯ ಮಾಡಿದೆ: ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷೆ ಮಾಡಬೇಕು, ಹುಬ್ಬು ಮತ್ತು ರೆಪ್ಪೆಗೆ ಹಚ್ಚಿದರೆ ಕಣ್ಣು ಹೋಗಬಹುದು ಎಂದು. ಇದನ್ನು ಓದಿ ಪಾಲಿಸುವವರು ಕಡಿಮೆ. ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಒಂದು ಚಿಟಿಕೆಯಷ್ಟು ಹಚ್ಚಿ ಒಂದು ದಿನ ಕಾಯುವುದು, ಅಷ್ಟೇ. ಪ್ರತಿ ಸಲ ಡೈ ಹಚ್ಚುವ ಮೊದಲೂ ಇದನ್ನು ಮಾಡಬೇಕು, ಏಕೆಂದರೆ ಹತ್ತು ವರ್ಷ ಒಗ್ಗಿದ್ದು ಹನ್ನೊಂದನೇ ವರ್ಷ ಒಗ್ಗದೇ ಹೋಗಬಹುದು.

ಪಾರ್ಲರ್‌ಗಳಲ್ಲಿ ಜನಪ್ರಿಯವಾಗಿರುವ ಕೆರಾಟಿನ್ ಚಿಕಿತ್ಸೆ, ಕೂದಲು ನೇರಗೊಳಿಸುವ ಚಿಕಿತ್ಸೆಗಳಲ್ಲಿ ಕೆಲವದರಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದ ಅನಿಲ ಇದು. ಬಿಸಿ ಇಸ್ತ್ರಿ ಕೂದಲಿಗೆ ತಾಗಿದಾಗ ಆವಿಯಾಗಿ ಏಳುತ್ತದೆ. ಕಣ್ಣಲ್ಲಿ ನೀರು, ಗಂಟಲಲ್ಲಿ ಕೆರೆತ ಬಂದರೆ ಗಿರಾಕಿಗೆ ಒಂದು ದಿನದ ಕಷ್ಟ, ಅಲ್ಲಿ ಕೆಲಸ ಮಾಡುವ ಹುಡುಗಿಯರಿಗೆ ದಿನವೂ. 'ಫಾರ್ಮಾಲ್ಡಿಹೈಡ್ ಇಲ್ಲ' ಎಂದು ಹೇಳಿಕೊಳ್ಳುವ ಉತ್ಪನ್ನಗಳಲ್ಲಿ ಅದರ ಬದಲು ಗ್ಲೈಆಕ್ಸಿಲಿಕ್ ಆಮ್ಲ ಬಂದಿದೆ. ಇದು ನೆತ್ತಿಯ ಮೂಲಕ ಒಳಸೇರಿ, ಕಿಡ್ನಿಯಲ್ಲಿ ಆಕ್ಸಲೇಟ್ ಹರಳುಗಳಾಗಿ ಕೂರುವುದನ್ನು ಫ್ರಾನ್ಸ್‌ನ ವೈದ್ಯರು 2024ರಲ್ಲಿ ವರದಿ ಮಾಡಿದರು. ಕೂದಲು ನೇರ ಮಾಡಿಸಿದ ದಿನ ಅಥವಾ ಮರುದಿನ ವಾಂತಿ, ಬೆನ್ನುನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಆಹಾರ ಒಗ್ಗಲಿಲ್ಲ ಎಂದು ಸುಮ್ಮನಿರಬಾರದು.

ಹೆದರಿಕೆ ಎಲ್ಲಿ ಅತಿಯಾಗಿದೆ

ಈಗ ಎಲ್ಲರೂ ಹೆದರುವ ಪ್ಯಾರಾಬೆನ್‌ಗೆ ಬರೋಣ. ಕ್ರೀಮ್‌ನಲ್ಲಿ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದು ಇದರ ಕೆಲಸ. 2004ರಲ್ಲಿ ಬ್ರಿಟನ್‌ನ ಸಂಶೋಧಕರು ಸ್ತನದ ಗಡ್ಡೆಗಳಲ್ಲಿ ಪ್ಯಾರಾಬೆನ್ ಪತ್ತೆಯಾಗಿದೆ ಎಂದು ಬರೆದ ಮೇಲೆ ಭಯ ಹಬ್ಬಿತು. ಅದೇ ಗಡ್ಡೆಗೆ ಕಾರಣ ಎಂದು ಆ ಅಧ್ಯಯನ ಹೇಳಿರಲಿಲ್ಲ. ಯುರೋಪ್ 2014ರಲ್ಲಿ ಐಸೊಪ್ರೊಪೈಲ್, ಐಸೊಬ್ಯುಟೈಲ್ ಸೇರಿದಂತೆ ಐದು ಬಗೆಯ ಪ್ಯಾರಾಬೆನ್‌ಗಳನ್ನು ನಿಷೇಧಿಸಿತು, ಮಿಥೈಲ್ ಮತ್ತು ಈಥೈಲ್ ಪ್ಯಾರಾಬೆನ್‌ಗಳನ್ನು ಮಿತಿಯೊಳಗೆ ಬಳಸಬಹುದು ಎಂದು ಉಳಿಸಿಕೊಂಡಿತು.

ಕಂಪನಿಗಳು ಪ್ಯಾರಾಬೆನ್ ತೆಗೆದು ಅದರ ಬದಲಿಗೆ ತಂದ ವಸ್ತುಗಳಲ್ಲಿ ಮಿಥೈಲ್ ಐಸೋಥಯಾಜೋಲಿನೋನ್ ಒಂದು. ಕೆಲವೇ ವರ್ಷಗಳಲ್ಲಿ ಇದರಿಂದ ಅಲರ್ಜಿ ಎಷ್ಟು ಹೆಚ್ಚಿತೆಂದರೆ, ಅಮೆರಿಕದ ಚರ್ಮದ ಅಲರ್ಜಿ ತಜ್ಞರ ಸಂಘ 2013ರಲ್ಲಿ ಅದನ್ನು 'ವರ್ಷದ ಅಲರ್ಜಿಕಾರಕ' ಎಂದು ಕರೆಯಿತು. ಅದೇ ಸಂಘ 2019ರಲ್ಲಿ ಪ್ಯಾರಾಬೆನ್‌ಗಳನ್ನು 'ವರ್ಷದ ಅಲರ್ಜಿಕಾರಕವಲ್ಲದ ವಸ್ತು' ಎಂದು ಹೆಸರಿಸಿತು. ಹುಲಿಗೆ ಹೆದರಿ ಹುತ್ತದಲ್ಲಿ ಕೈಯಿಟ್ಟಂತಾಯಿತು. ಉತ್ಪನ್ನದ ಮೇಲೆ ಈ ಉದ್ದದ ಹೆಸರು ಕಂಡರೆ, ಅದು ತೊಳೆದು ಹೋಗುವ ಶಾಂಪೂ ಆಗಿರದೆ ಮುಖದಲ್ಲೇ ಉಳಿಯುವ ಕ್ರೀಮ್ ಆಗಿದ್ದರೆ, ಸೂಕ್ಷ್ಮ ಚರ್ಮದವರು ಬಿಡುವುದೇ ಒಳ್ಳೆಯದು. 'ಫ್ರೇಗ್ರನ್ಸ್' ಅಥವಾ 'ಪರ್ಫ್ಯೂಮ್' ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಇರಬಹುದು. ಪದೇ ಪದೇ ತುರಿಕೆ ಬರುವವರು ಸುವಾಸನೆ ಇಲ್ಲದ ಉತ್ಪನ್ನಕ್ಕೆ ಬದಲಾಯಿಸಿ ನೋಡಬಹುದು.

ಟಾಲ್ಕಂ ಪೌಡರ್‌ನ ವಿವಾದ ಕಲ್ನಾರಿನದ್ದು. ಟಾಲ್ಕ್ ಮತ್ತು ಕಲ್ನಾರು ಎರಡೂ ಭೂಮಿಯೊಳಗೆ ಒಟ್ಟಿಗೇ ಸಿಗಬಹುದಾದ ಖನಿಜಗಳು. ಜಾನ್ಸನ್ ಅಂಡ್ ಜಾನ್ಸನ್ ಅಮೆರಿಕದಲ್ಲಿ ಸಾವಿರಾರು ಮೊಕದ್ದಮೆ ಎದುರಿಸಿ 2020ರಲ್ಲಿ ಅಲ್ಲಿ, 2023ರಲ್ಲಿ ಜಗತ್ತಿನೆಲ್ಲೆಡೆ ಟಾಲ್ಕ್ ಬೇಬಿ ಪೌಡರ್ ನಿಲ್ಲಿಸಿತು. ತನ್ನ ಪೌಡ‌ರ್ ಸುರಕ್ಷಿತ ಎಂಬ ವಾದವನ್ನು ಕಂಪನಿ ಬಿಟ್ಟಿಲ್ಲ. ಆ ವಾದ ಏನೇ ಆಗಲಿ, ಕೂಸಿನ ಮುಖದ ಬಳಿ ಪೌಡರ್ ಕೊಡವಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಮಗುವಿಗೆ ಸ್ನಾನವಾದ ಮೇಲೆ ಪೌಡರ್ ಬೇಕೇ ಬೇಕು ಎಂಬ ನಿಯಮವೇನಿಲ್ಲ.

'ಎಲ್ಲ ನೈಸರ್ಗಿಕ' ಎಂಬ ಪದಕ್ಕೂ ಅಷ್ಟೇ ಎಚ್ಚರ ಬೇಕು. ಪಾದರಸ, ಸೀಸ, ಕಲ್ನಾರು ಎಲ್ಲವೂ ನಿಸರ್ಗದಿಂದಲೇ ಬಂದವು. ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ, ಅದರಲ್ಲಿರುವ ಕೆಲವು ಅಂಶಗಳು ಸೂರ್ಯನ ಬೆಳಕಿನ ಜೊತೆ ಸೇರಿ ಸುಟ್ಟ ಗಾಯದಂಥ ಗುಳ್ಳೆ, ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಂಟುಮಾಡುತ್ತವೆ. ನಿಂಬೆ ಸಾರಿಗೆ, ಚಿತ್ರಾನ್ನಕ್ಕೆ ಇರಲಿ.

ಚರ್ಮದ ತೊಂದರೆಗೋ, ಕಾಲು ಊತಕ್ಕೋ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿ ಬಳಸುತ್ತಿರುವ ಕ್ರೀಮ್, ಡೈ, ಸಾಬೂನು ಎಲ್ಲದರ ಲೇಬಲ್‌ನ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋಗುವುದು ಉಪಯುಕ್ತ. ಲೇಬಲ್ ಇಲ್ಲದ ಡಬ್ಬಿ ಇದ್ದರೆ ಡಬ್ಬಿಯನ್ನೇ ಒಯ್ಯಬೇಕು. ಪಾರ್ಲರ್‌ನ ಕ್ರೀಮ್ ಬಳಸಿದ್ದನ್ನು ಹೇಳಿಕೊಳ್ಳಲು ಸಂಕೋಚಪಟ್ಟು ಸುಮ್ಮನಿರುವವರು ಹೆಚ್ಚು. ಹಾಗೆ ಸುಮ್ಮನಿದ್ದರೆ ವೈದ್ಯರು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸೋಂಕು ಎಂದು ಒಂದೊಂದೇ ಪರೀಕ್ಷೆ ಮಾಡಿಸುತ್ತಾ ಹೋಗಬೇಕಾಗುತ್ತದೆ, ಅತ್ತ ಮನೆಯಲ್ಲಿ ರಾತ್ರಿಯ ಕ್ರೀಮ್ ಎಂದಿನಂತೆ ಮುಂದುವರಿಯುತ್ತಿರುತ್ತದೆ.